ಕುರ್‌ಆನ್ ಆಯತನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಶಹಾಪುರದ ಲೇಖಕರಿಗೆ ನಮಸ್ಕಾರ.

ಕ್ರೈಸ್ತರು ಮತ್ತು ಯೆಹೂದಿಯರ ಜೊತೆಗಿನ ಸಂವಾದವನ್ನು ಇಸ್ಲಾಂ ಹೇಗೆ ನೋಡುತ್ತದೆ ಎಂಬ ನಿಮ್ಮ ಲೇಖನ ಓದಿದೆವು. ಈಗಿನ ರೂಪದಲ್ಲಿ ಅಚ್ಚು ಹಾಕಲಾಗದು. ಆದರೆ ವಿಷಯ ನಮಗೆ ಬೇಕೇ ಬೇಕು, ಅದಕ್ಕೇ ಇಷ್ಟು ಬಿಚ್ಚಿ ಬರೆಯುತ್ತಿದ್ದೇವೆ.

ಮೊದಲ ಮೂರು ಪ್ಯಾರಾ ತೆಗೆಯಿರಿ. ಬಂದೇನವಾಜರ ಉರುಸು, ಅಲ್ಲಿ ಸೇರುವ ಎಲ್ಲ ಜಾತಿಯ ಜನ, ಶರಣರ ವಚನ, ಎಲ್ಲ ಚೆನ್ನಾಗಿ ಬಂದಿದೆ. ಆದರೆ ಅದು ಬೇರೆಯೇ ಲೇಖನ. ಕುರ್‌ಆನ್ ಕ್ರೈಸ್ತರನ್ನೂ ಯೆಹೂದಿಯರನ್ನೂ ‘ಅಹ್ಲೆ ಕಿತಾಬ್’, ಅಂದರೆ ಗ್ರಂಥದವರು ಎಂದು ಕರೆಯುತ್ತದೆ. ಅವರ ಆಹಾರ, ಅವರ ಹೆಣ್ಣುಮಕ್ಕಳೊಡನೆ ಮದುವೆ ಕುರಿತು ಪ್ರತ್ಯೇಕ ಅನುಮತಿಯೇ ಇದೆ (5:5, ಅಂದರೆ ಐದನೇ ಅಧ್ಯಾಯದ ಐದನೇ ಆಯತ್, ವಾಕ್ಯ). ಅಲ್ಲಿಂದ ಶುರು ಮಾಡಿ. ‘ನಿಮ್ಮ ಧರ್ಮ ನಿಮಗೆ, ನನ್ನ ಧರ್ಮ ನನಗೆ’ (109:6) ಎಂಬುದನ್ನು ಇಲ್ಲಿ ಆಧಾರವಾಗಿ ಇಡಬೇಡಿ. ಅದು ಮಕ್ಕಾದ ಬಹುದೇವಾರಾಧಕರಿಗೆ ಹೇಳಿದ್ದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಬಲ್ಲವರು ಅಲ್ಲೇ ಓದು ನಿಲ್ಲಿಸುತ್ತಾರೆ. ಅಂಥ ಮಾತೇ ಬೇಕಿದ್ದರೆ ಪ್ರವಾದಿಯವರು ಮದೀನಾದ ಜನರೊಂದಿಗೆ ಮಾಡಿಕೊಂಡ ಮದೀನಾ ಒಡಂಬಡಿಕೆಯಲ್ಲಿದೆ: ಯೆಹೂದಿಯರಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರದು. ಅದನ್ನು ಉಲ್ಲೇಖಿಸಿದಾಗ, ಮುಂದೆ ಮದೀನಾದ ಯೆಹೂದಿ ಬುಡಕಟ್ಟುಗಳೊಂದಿಗೆ ಸಂಘರ್ಷವಾದದ್ದನ್ನೂ ಒಂದೆರಡು ಸಾಲಿನಲ್ಲಿ ಹೇಳಿ. ನೀವು ಬಿಟ್ಟರೆ ಓದುಗರೇ ಕೇಳುತ್ತಾರೆ.

ದೊಡ್ಡ ದೋಷವೆಂದರೆ 3:64ನ್ನು ‘ನಮಗೂ ನಿಮಗೂ ಸಮಾನವಾದ ಮಾತಿನ ಕಡೆಗೆ ಬನ್ನಿ’ ಎಂಬಲ್ಲಿಗೇ ಕತ್ತರಿಸಿದ್ದೀರಿ. ಆ ಸಮಾನವಾದ ಮಾತು ಯಾವುದು ಎಂದು ಆಯತೇ ಹೇಳುತ್ತದೆ: ದೇವನ ಹೊರತು ಯಾರನ್ನೂ ಆರಾಧಿಸದಿರುವುದು, ಅವನಿಗೆ ಯಾರನ್ನೂ ಸರಿಸಾಟಿ ಮಾಡದಿರುವುದು, ನಮ್ಮಲ್ಲೇ ಕೆಲವರನ್ನು ಒಡೆಯರೆಂದು ಹಿಡಿಯದಿರುವುದು. ಕ್ರೈಸ್ತರಿಗೆ ಇದು ಸಿಹಿ ಕರೆ ಅಷ್ಟೇ ಅಲ್ಲ, ಈಸಾ (ಯೇಸು) ಕುರಿತ ಅವರ ನಂಬಿಕೆಗೆ ನೇರ ಪ್ರಶ್ನೆಯೂ ಹೌದು. ಕೊನೆಯ ಭಾಗವನ್ನಂತೂ ಬಿಡಲೇಬಾರದು: ಅವರು ಒಪ್ಪದೆ ಮುಖ ತಿರುಗಿಸಿದರೆ, ‘ನಾವು ಮುಸ್ಲಿಮರು ಎಂಬುದಕ್ಕೆ ಸಾಕ್ಷಿಗಳಾಗಿರಿ’ ಎನ್ನಿ, ಅಷ್ಟೇ. ಒಪ್ಪದವರ ಮೇಲೆ ಒತ್ತಾಯವಿಲ್ಲ, ನಮ್ಮ ನಿಲುವನ್ನು ಮರೆಮಾಚುವುದೂ ಇಲ್ಲ. ನಿಮ್ಮ ಲೇಖನದ ಬೆನ್ನೆಲುಬು ಇಲ್ಲೇ ಇದೆ.

ದಕ್ಷಿಣ ಅರೇಬಿಯಾದ ನಜ್ರಾನಿನ ಕ್ರೈಸ್ತರ ಪ್ರಸಂಗವನ್ನೂ ಹೀಗೇ ಅರ್ಧಕ್ಕೆ ಬಿಟ್ಟಿದ್ದೀರಿ. ಕ್ರೈಸ್ತ ನಿಯೋಗ ಪ್ರವಾದಿಯವರ ಮಸೀದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಿತೆಂದು ಇಬ್ನ್ ಇಸ್‌ಹಾಕರ ಸೀರಾ ಹೇಳುತ್ತದೆ. ಇದು ಪ್ರವಾದಿ ಚರಿತ್ರೆ. ‘ಹದೀಸ್’ ಎಂದು ಬರೆದದ್ದನ್ನು ತಿದ್ದಿ. ಅದೇ ಭೇಟಿಯಲ್ಲಿ ಈಸಾ ಕುರಿತು ವಾದ ನಡೆಯಿತು, ಮುಬಾಹಲಾಕ್ಕೆ, ಅಂದರೆ ಸುಳ್ಳು ಹೇಳುವವರ ಮೇಲೆ ದೇವಶಾಪ ಬರಲೆಂದು ಇಬ್ಬರೂ ಬೇಡಿಕೊಳ್ಳುವುದಕ್ಕೆ (3:61) ಕರೆಯಲಾಯಿತು, ಅವರು ಹಿಂದೆ ಸರಿದು ಕಪ್ಪದ ಒಪ್ಪಂದ ಮಾಡಿಕೊಂಡು ಊರಿಗೆ ಮರಳಿದರು. ಪ್ರಾರ್ಥನೆಗೆ ಜಾಗ, ಬಗೆಹರಿಯದ ವಾದ, ಎರಡನ್ನೂ ಒಟ್ಟಿಗೆ ಇಟ್ಟು ಬರೆಯಿರಿ.

ಯೆಹೂದಿಯರನ್ನೂ ಕ್ರೈಸ್ತರನ್ನೂ ಔಲಿಯಾ ಮಾಡಿಕೊಳ್ಳಬೇಡಿ ಎನ್ನುವ 5:51ನ್ನು ‘ಅದು ಆ ಕಾಲದ ಮಾತು’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಿ. ಉರ್ದು ಅನುವಾದದ ‘ದೋಸ್ತ್’ ನಿಮ್ಮಲ್ಲಿ ‘ಗೆಳೆಯ’ ಆಗಿದೆ. ತೊಡಕು ಹುಟ್ಟುವುದು ಅಲ್ಲೇ. ಮೂಲದ ಪದ ‘ಔಲಿಯಾ’. ರಕ್ಷಕ, ಬೆಂಬಲಿಗ, ರಾಜಕೀಯ ಮಿತ್ರ ಎಂಬ ಅರ್ಥಗಳೂ ಅದಕ್ಕಿವೆ. ಯುದ್ಧಕಾಲದ ಮೈತ್ರಿಗೆ ಸೀಮಿತ ಎನ್ನುವವರಿದ್ದಾರೆ, ವಿಶಾಲವಾಗಿ ಓದುವವರೂ ಇದ್ದಾರೆ. ಇಬ್ಬರ ಮಾತನ್ನೂ ಹೇಳಿ, ಪಕ್ಕದಲ್ಲಿ 60:8 ಇಡಿ: ನಿಮ್ಮೊಡನೆ ಧರ್ಮದ ಕಾರಣಕ್ಕೆ ಯುದ್ಧ ಮಾಡದವರಿಗೆ, ಮನೆಯಿಂದ ನಿಮ್ಮನ್ನು ಹೊರಹಾಕದವರಿಗೆ ಒಳಿತು ಮಾಡುವುದನ್ನು, ನ್ಯಾಯದಿಂದ ನಡೆದುಕೊಳ್ಳುವುದನ್ನು ದೇವನು ತಡೆಯುವುದಿಲ್ಲ.

2007ರಲ್ಲಿ ನಡೆದದ್ದನ್ನು ‘ಪೋಪರೊಂದಿಗೆ ಒಪ್ಪಂದ’ ಎಂದು ಬರೆದಿದ್ದೀರಿ, ಅದು ಒಪ್ಪಂದ ಅಲ್ಲ. ಅಕ್ಟೋಬರ್ 13ರಂದು 138 ಮುಸ್ಲಿಂ ವಿದ್ವಾಂಸರು, ಗಣ್ಯರು ಪೋಪ್ ಹದಿನಾರನೇ ಬೆನೆಡಿಕ್ಟ್ ಹಾಗೂ ಇತರ ಚರ್ಚ್ ಮುಖಂಡರಿಗೆ ಬರೆದ ಬಹಿರಂಗ ಪತ್ರ ಅದು. ಯೆಹೂದಿಯರಿಗೆ ಬರೆದದ್ದಲ್ಲ. ಆದರೆ ಅದರ ಆಧಾರವಾದ ದೇವಪ್ರೇಮ, ನೆರೆಯವರ ಪ್ರೇಮ ಎಂಬ ಎರಡು ಆಜ್ಞೆಗಳನ್ನು ಮಾರ್ಕನ ಸುವಾರ್ತೆಯಲ್ಲಿ (12:29–31) ಯೇಸು ಹೇಳುವುದು ಯೆಹೂದಿಯರ ಧರ್ಮಗ್ರಂಥವಾದ ತೋರಾದಿಂದ, ಧರ್ಮೋಪದೇಶಕಾಂಡ ಮತ್ತು ಯಾಜಕಕಾಂಡದಿಂದ. ತಲೆಬರಹದಲ್ಲಿ ಯೆಹೂದಿಯರಿದ್ದಾರೆ, ಒಳಗೆ ಒಂದೇ ಪ್ಯಾರಾ, ಅದೂ ಇಸ್ರೇಲ್ ರಾಜಕೀಯ. ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿ, ಈ ದಾರಿಯಿಂದ ಅವರನ್ನು ಒಳಗೆ ತನ್ನಿ.

ಬರೆದ ಮೇಲೆ ಬೀದರ್ ಕಡೆಯ ಮೆಥೋಡಿಸ್ಟ್ ಸಭೆಯ ಓದುಗರೊಬ್ಬರಿಗೆ ಕರಡು ತೋರಿಸಿ. ‘ನಮ್ಮ ನಂಬಿಕೆಯನ್ನು ನಾವು ಹೇಳುವ ಹಾಗೇ ಬರೆದಿದ್ದೀರಾ?’ ಎಂಬುದೊಂದೇ ಪ್ರಶ್ನೆಗೆ ಉತ್ತರ ಕೇಳಿ. ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬ ತ್ರಿಯೇಕತ್ವವನ್ನು ‘ಮೂರು ದೇವರು’ ಎಂದು ಬರೆದಿದ್ದೀರಿ. ಯಾವ ಕ್ರೈಸ್ತರೂ ಅದನ್ನು ಒಪ್ಪುವುದಿಲ್ಲ.

ಒಂದೇ ಕುರ್‌ಆನ್ ಅನುವಾದ ಬಳಸಿ, ಯಾರದ್ದೆಂದು ತಿಳಿಸಿ. 1,200 ಪದ ದಾಟಬೇಡಿ. ತಿದ್ದಿದ ಪ್ರತಿ ಬಂದ ಕೂಡಲೇ ಓದುತ್ತೇವೆ.

ಸಂಪಾದಕ