ಅಮ್ಮನ ಕೃತಕ ಸೊಂಟದ ಕೀಲಿನ ಕಪ್ (ಸೊಂಟದ ಮೂಳೆಯೊಳಗೆ ಕೂರಿಸುವ ಬಟ್ಟಲು) ಸುತ್ತ ಮೂಳೆ ಕರಗಿದೆ, ಆದರೆ ನೋವಿಲ್ಲ. ಬೇರೆಯವರ ಮೂಳೆ ಹಾಕಿಸಲೇಬೇಕಾ, ಕಾಯಬಹುದಾ?

"ನೋವಿಲ್ಲವಲ್ಲ, ಆಮೇಲೆ ನೋಡೋಣ." ನಿಮ್ಮ ಅಮ್ಮ ಹೇಳುತ್ತಿರುವ ಈ ಮಾತನ್ನೇ ನಾನು ಒಂಬತ್ತು ವರ್ಷ ಹೇಳಿದೆ.

2006ರಲ್ಲಿ ನನ್ನ ಎಡ ಸೊಂಟದ ಕೀಲು ಬದಲಾಯಿಸಿದರು. ಆಗ ನನಗೆ 41. ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಒಂದೇ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ. ಮೂರು ವರ್ಷ ಹೋದೆ. ಮೂರು ಸಲವೂ ಚೆನ್ನಾಗಿದೆ ಅಂದರು. ನಾಲ್ಕನೇ ವರ್ಷ ಮಗಳ ಪರೀಕ್ಷೆ, ಐದನೇ ವರ್ಷ ಮನೆ ಕಟ್ಟಿಸುವ ಗಡಿಬಿಡಿ. ಹಾಸನದಿಂದ ಬೆಂಗಳೂರಿಗೆ ಹೋಗಿ ಬರಲು ಒಂದಿಡೀ ದಿನ ಬೇಕು. ನೋವೇ ಇಲ್ಲದ ಕಾಲಿಗೆ ಸುಮ್ನೆ ಯಾಕೆ ಅಂತ ಬಿಟ್ಟೆ. ಹಾಸನದಲ್ಲೇ ತೆಗೆಸಿ ತೋರಿಸಬಹುದಿತ್ತು, ಅದನ್ನೂ ಮಾಡಲಿಲ್ಲ.

ಒಳಗೆ ಆಗುತ್ತಿದ್ದದ್ದು ಇದು. ಕಪ್ಪಿನೊಳಗಿನ ಪ್ಲಾಸ್ಟಿಕ್ ಒಳಪದರ, ಅಂದರೆ ಲೈನರ್, ನಡೆದಂತೆಲ್ಲ ಸವೆಯುತ್ತದೆ. ಉದುರುವ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ದೇಹ ಅದನ್ನು ತಿಂದು ಹಾಕಲು ನೋಡುತ್ತದೆ, ಅರಗುವುದಿಲ್ಲ, ಆ ಉರಿಯೂತಕ್ಕೆ ಸುತ್ತಲಿನ ಮೂಳೆಯೇ ಕರಗುತ್ತಾ ಹೋಗುತ್ತದೆ. ಕಪ್ ಸಡಿಲ ಆಗುವ ತನಕ ಸಾಮಾನ್ಯವಾಗಿ ನೋವೇ ಇರುವುದಿಲ್ಲ.

2018ರಲ್ಲಿ ಮೆಟ್ಟಿಲು ಹತ್ತುವಾಗ ತೊಡೆಸಂದಿಯಲ್ಲಿ ಚುಚ್ಚಿತು. ಡಾಕ್ಟರ್ 2009ರ ಫಿಲಂ ಪಕ್ಕ ಹೊಸದನ್ನು ಸಿಕ್ಕಿಸಿ ಲೈಟ್ ಹಾಕಿದರು. ಕಪ್ ಮೇಲಕ್ಕೆ ಸರಿದಿತ್ತು. ಅದನ್ನು ಹಿಡಿದಿದ್ದ ಒಂದು ಸ್ಕ್ರೂ ಮುರಿದಿತ್ತು. ಬೆಳ್ಳಗೆ ಮೂಳೆ ಕಾಣಬೇಕಾದ ಕಡೆ ಕೋಳಿಮೊಟ್ಟೆಯಷ್ಟು ಕಪ್ಪು. ಕಪ್ ಗಟ್ಟಿಯಾಗಿದ್ದಾಗಲೇ ಬಂದಿದ್ದರೆ ಲೈನರ್ ಬದಲಾಯಿಸಿ, ಮೂಳೆ ಕರಗಿದ ಗುಂಡಿಯೊಳಗೆ ಒಂದಿಷ್ಟು ಮೂಳೆ ತುಂಬಿ ಮುಗಿಸಬಹುದಿತ್ತು ಅಂದರು. ನಡುವೆ ತೆಗೆಸಿದ ಒಂದು ಫಿಲಂ ಇದ್ದಿದ್ದರೆ ಸಾಕಿತ್ತು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ಬೇರೆಯವರ ಮೂಳೆ ಅನ್ನುವ ಭಯ ಬಿಡಿ. ಮೊದಲ ಸಲ ಆಪರೇಷನ್ ಆಗುವವರಿಗೆ ಅವರದೇ ತೊಡೆಮೂಳೆಯ ತಲೆ ಬಳಸಬಹುದು. ನಮ್ಮದನ್ನು ಆಗಲೇ ತೆಗೆದು ಹಾಕಿರುತ್ತಾರಲ್ವಾ? ಇನ್ನೊಬ್ಬರ ಕೀಲು ಬದಲಾಯಿಸುವಾಗ ತೆಗೆದ ಮೂಳೆಯನ್ನು, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡಿ, ಬೋನ್ ಬ್ಯಾಂಕ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಅದನ್ನು ಸುಮಾರು 1 ಸೆಂಟಿಮೀಟರ್ ಚೂರು ಮಾಡಿ, ಆ ಗುಂಡಿಯೊಳಗೆ ಪದರ ಪದರವಾಗಿ ಬಡಿದು ಕೂರಿಸಿ, ಮೇಲೆ ಸಿಮೆಂಟ್ ಹಾಕಿ ಕಪ್ ಇಡುತ್ತಾರೆ. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ 1979ರಿಂದಲೇ ಹೀಗೆ ಮಾಡುತ್ತಿದ್ದಾರೆ. ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಎಚ್ಚರ ಇತ್ತು. ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು, ಪ್ರತಿ ಏಟಿಗೂ ಮೈ ಅಲುಗುತ್ತಿತ್ತು, ನೋವಿಲ್ಲ. ಸದ್ದು ಬದಲಾಗಿ ಗಟ್ಟಿಯಾದಾಗ ಡಾಕ್ಟರ್ "ಕೂತಿತು" ಅಂದರು. ಆರು ವಾರ ಎಡಗಾಲು ಊರಲು ಬಿಡಲಿಲ್ಲ. ಪೂರ್ತಿ ಭಾರ ಹಾಕಿದ್ದು ಮೂರು ತಿಂಗಳ ಮೇಲೆ. ತುಂಬಿದ ಚೂರಿನೊಳಗೆ ನಮ್ಮ ಮೂಳೆ ಬೆಳೆಯಲು ಸಮಯ ಬೇಕು.

ಯಾರ ಮೂಳೆ ಅನ್ನುವುದಕ್ಕಿಂತ ಅಮ್ಮನ ಮೂಳೆ ಇನ್ನೆಷ್ಟು ಉಳಿದಿದೆ ಅನ್ನುವುದು ಮುಖ್ಯ. ಅದಕ್ಕೆ ಸಿಟಿ ಸ್ಕ್ಯಾನ್ ಮಾಡಿಸಿ. ಸೋಂಕು ಇದೆಯಾ ಅಂತ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಿ. ಹಳೆ ಕೀಲು ಬಿಚ್ಚಿ ಮತ್ತೆ ಕೂರಿಸುವ ಆಪರೇಷನ್ ಜಾಸ್ತಿ ಮಾಡಿರುವ ಡಾಕ್ಟರ್ ಹತ್ತಿರವೇ ಹೋಗಿ, ಎಷ್ಟು ಮಾಡಿದ್ದೀರಿ ಅಂತ ಸಂಕೋಚ ಇಲ್ಲದೆ ಕೇಳಿ. ಹೋಗುವಾಗ ಬೀರುವಿನ ಮೇಲಿರುವ ಹಳೆ ಎಕ್ಸ್‌ರೇ ಕವರ್‌ಗಳನ್ನೆಲ್ಲ ತಗೊಂಡು ಹೋಗಿ, ಒಂದನ್ನೂ ಬಿಡಬೇಡಿ.