ಬಾಲ್ಯದಲ್ಲಿ ಕಷ್ಟ ಕಂಡವರು ಗಟ್ಟಿಯಾಗಿರಬೇಕಲ್ವಾ, ಮತ್ತೆ ನನಗೇಕೆ ಇಷ್ಟು ಆತಂಕ?

ಅಪ್ಪ ಕುಡಿದು ಬಂದು ಗಲಾಟೆ ಮಾಡುವ ಮನೆಯಲ್ಲಿ ಬೆಳೆದೆ ಅಂತ ಬರೆದಿದ್ದೀರಿ. ಈಗ ನಿಮಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ಹೊಡೆಯುವವರು, ಕಿರುಚುವವರು ಯಾರೂ ಇಲ್ಲ. ಆದರೂ ಮ್ಯಾನೇಜರ್ 'ಫ್ರೀ ಇದ್ದಾಗ ಕಾಲ್ ಮಾಡಿ' ಅಂತ ಮೆಸೇಜ್ ಹಾಕಿದರೆ ಸಾಕು, ಎದೆ ಡವಡವ, ಕೈಕಾಲು ತಣ್ಣಗೆ, ರಾತ್ರಿ ನಿದ್ದೆ ಇಲ್ಲ. 'ಅಷ್ಟೆಲ್ಲ ದಾಟಿ ಬಂದವನಿಗೆ ಇದಕ್ಕೆಲ್ಲ ಯಾಕೆ ಭಯ, ನಾನು ಗಟ್ಟಿ ಅಲ್ವಾ?' ಎಂದು ಕೇಳಿದ್ದೀರಿ. ಊರಲ್ಲಿ ಸೆಕೆಂಡ್ ಪಿಯುಸಿ ಓದುತ್ತಿರುವ ತಮ್ಮನ ಬಗ್ಗೆಯೂ ಒಂದು ಸಾಲು ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಡಾಕ್ಟರ್ ಅಲ್ಲ. ಬೆಳೆದಿದ್ದು ನಿಮ್ಮಂಥದೇ ಮನೆಯಲ್ಲಿ. ನನ್ನ ಉತ್ತರ ಇಷ್ಟೇ: ನೀವು ಗಟ್ಟಿಯೂ ಹೌದು, ನಿಮಗೆ ಆತಂಕ ಇರುವುದೂ ನಿಜ. ಒಂದಿದ್ದರೆ ಇನ್ನೊಂದು ಇರಬಾರದು ಅಂತೇನಿಲ್ಲ. ಬಹಳ ಜನರಲ್ಲಿ ಎರಡೂ ಒಂದೇ ಮನೆಯಿಂದ ಬಂದಿರುತ್ತವೆ.

ಹೇಗೆ ಅಂತ ನೋಡಿ. ಇವತ್ತು ಅಪ್ಪ ಯಾವ ಮೂಡಿನಲ್ಲಿದ್ದಾರೆ ಅನ್ನುವುದು ಗೇಟಿನ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಅಲ್ವಾ? ಅಷ್ಟು ಸೂಕ್ಷ್ಮವಾಗಿ ಗಮನಿಸುವುದನ್ನು ನಿಮ್ಮ ಮೈ ಕಲಿಯಿತು. ಕಲಿತಿದ್ದರಿಂದಲೇ ಎಷ್ಟೋ ಸಲ ಪೆಟ್ಟು ತಪ್ಪಿತು. ಮಿದುಳಿನಲ್ಲಿ ಅಮಿಗ್ಡಲ ಅನ್ನುವ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ಅದು ಯೋಚನೆಗಿಂತ ಮೊದಲೇ ಎಚ್ಚರಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ, ಎದೆ ಹೊಡೆದುಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಸಣ್ಣ ಸುಳಿವಿಗೂ ಮೈ ಪೂರ್ತಿ ತಯಾರಾಗಿ ನಿಂತುಬಿಡುತ್ತದೆ. 'ಕಾಲ್ ಮಾಡಿ' ಅನ್ನುವ ಮೆಸೇಜಿನಲ್ಲಿ ಸಿಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದೇ ನಿಮಗೆ ಚಿಕ್ಕಂದಿನಿಂದ ಅತಿ ದೊಡ್ಡ ಅಪಾಯ. ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಸಮಸ್ಯೆ ಗುರುತಿಸುವವರು ನೀವೇ ಆಗಿರಬಹುದು. ಅದೂ ಇದೇ ಕಲಿಕೆಯ ಫಲ.

'ಉಳಿ ಪೆಟ್ಟು ಬಿದ್ದ ಕಲ್ಲೇ ಮೂರ್ತಿಯಾಗೋದು' ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಈ ಮಾತು ಮಕ್ಕಳ ವಿಷಯದಲ್ಲಿ ನನಗೆ ಒಪ್ಪಿಗೆಯಿಲ್ಲ. ಶಿಲ್ಪಿ ನೋಡಿ ನೋಡಿ ಹೊಡೆಯುತ್ತಾನೆ. ಕುಡಿದು ಬಂದವರು ನೋಡಿ ಹೊಡೆಯುವುದಿಲ್ಲ.

ಕಷ್ಟದಲ್ಲೂ ಬೇರೆ ಬೇರೆ ಬಗೆಗಳಿವೆ. ದುಡ್ಡಿಲ್ಲದ ಮನೆ ಬೇರೆ, ಭಯದ ಮನೆ ಬೇರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡ ಎಂಬ ವೈದ್ಯರು 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿದ್ದರು. ಅದರ ಮೊದಲ ವರದಿ 1998ರಲ್ಲಿ ಬಂತು. ಹೊಡೆತ, ಬೈಗುಳ, ಲೈಂಗಿಕ ಹಿಂಸೆ, ಮನೆಯಲ್ಲಿ ಕುಡಿತ, ತಾಯಿಗೆ ಹೊಡೆಯುವುದನ್ನು ನೋಡಬೇಕಾದದ್ದು, ಹೀಗೆ ಅವರ ಪಟ್ಟಿ. ಅದರಲ್ಲಿ ನಾಲ್ಕು ಅಥವಾ ಜಾಸ್ತಿ ಅನುಭವಿಸಿದವರಲ್ಲಿ ಮುಂದೆ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಪ್ರಯತ್ನ ಇವೆಲ್ಲ ಹಲವು ಪಟ್ಟು ಹೆಚ್ಚಿದ್ದವು. ಇವರಲ್ಲಿ ಬಹುಪಾಲು ಕೆಲಸ, ಆರೋಗ್ಯ ವಿಮೆ ಎಲ್ಲ ಇದ್ದ ಮಧ್ಯಮ ವರ್ಗದವರು. ಅಂದರೆ ಹೊರಗಿನಿಂದ ಸುಖವಾಗಿ ಕಾಣುವ ಮನೆಯೂ ಒಳಗೆ ಹಾಗೇ ಇರಬೇಕಿಲ್ಲ.

ಈ ಪಟ್ಟಿಯ ಕ್ವಿಜ್ ಈಗ ಮೊಬೈಲಿನಲ್ಲಿ ಸಿಗುತ್ತದೆ. ನನ್ನ ವಿದ್ಯಾರ್ಥಿಗಳು 'ಮೇಡಂ, ನನ್ನ ಸ್ಕೋರ್ ಆರು ಬಂತು' ಅಂತ ಹೆದರಿ ಬರುತ್ತಾರೆ. ದಯವಿಟ್ಟು ಅದನ್ನು ಹಣೆಬರಹ ಅಂದುಕೊಳ್ಳಬೇಡಿ. ಆ ಅಂಕ ಸಾವಿರಾರು ಜನರ ಸರಾಸರಿಗೆ ಸರಿ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬಾರದು ಎಂದು 2020ರಲ್ಲಿ ಆಂಡ ಅವರೇ ಎಚ್ಚರಿಸಿದ್ದಾರೆ.

ನಾನು ಪ್ರತಿವರ್ಷ ತರಗತಿಯಲ್ಲಿ ತುಂಬಾ ಪ್ರೀತಿಯಿಂದ ಹೇಳುವ ಅಧ್ಯಯನ ಇನ್ನೊಂದು. ಹವಾಯಿಯ ಕಾವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರುತ್ ಸ್ಮಿತ್ ಅನ್ನುವ ಸಂಶೋಧಕಿಯರು ಅವರಿಗೆ ನಲವತ್ತು ವರ್ಷ ಆಗುವವರೆಗೆ ಗಮನಿಸುತ್ತಾ ಬಂದರು. ಬಹಳಷ್ಟು ಮಕ್ಕಳ ತಂದೆತಾಯಿ ಕಬ್ಬು, ಅನಾನಸ್ ತೋಟದ ಕೂಲಿಗಳು. ಸುಮಾರು ಮೂರರಲ್ಲಿ ಒಂದು ಭಾಗದ ಮಕ್ಕಳಿಗೆ ಬಡತನದ ಜೊತೆಗೆ ಹೆರಿಗೆಯ ತೊಂದರೆ, ಜಗಳ, ತಂದೆ ಅಥವಾ ತಾಯಿಯ ಕುಡಿತ, ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟಗಳು ಒಟ್ಟಿಗೇ ಇದ್ದವು. ಅವರಲ್ಲಿ ಹೆಚ್ಚಿನವರು ಹತ್ತು, ಹದಿನೆಂಟರ ಹೊತ್ತಿಗೆ ಓದಿನಲ್ಲೋ ನಡತೆಯಲ್ಲೋ ಎಡವಿದ್ದರು. ಆದರೆ ಮೂರರಲ್ಲಿ ಒಬ್ಬರು, ಒಟ್ಟು 72 ಮಂದಿ, ಚೆನ್ನಾಗಿಯೇ ಬೆಳೆದರು.

ಅವರಿಗೆ ಏನು ಸಿಕ್ಕಿತ್ತು? ಹೆತ್ತವರಿಂದ ಆಗದಿದ್ದರೂ ಮಗುವನ್ನು ಮನಸಾರೆ ನೋಡಿಕೊಂಡ ಒಬ್ಬರಾದರೂ ಇದ್ದರು. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಟೀಚರ್. ಜೊತೆಗೆ ತಾವೇ ಮಾಡಬೇಕಾದ ಒಂದು ಕೆಲಸವಿತ್ತು, ಇವರಿಂದ ಇನ್ನೊಬ್ಬರಿಗೆ ನಿಜವಾಗಿ ಉಪಯೋಗವಾಗುವಂಥದು. ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಬೀದಿಯ ಟೈಲರ್ ಅಕ್ಕ ನೆನಪಾದರು. ಸಂಜೆ ಹೊತ್ತು ಅವರ ಅಂಗಡಿಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಬ್ಲೌಸುಗಳಿಗೆ ಹುಕ್ಕು ಹಾಕುವ ಕೆಲಸ ಕೊಡುತ್ತಿದ್ದರು. ಮನೆಯ ವಿಷಯ ಒಂದು ದಿನವೂ ಕೇಳಲಿಲ್ಲ, ಆದರೆ ಎಲ್ಲ ಗೊತ್ತಿತ್ತು. ಆ ಅಂಗಡಿಯಲ್ಲಿ ನಾನು ಯಾರ ಮುಖವನ್ನೂ ಅಳೆಯಬೇಕಿರಲಿಲ್ಲ. ಗಟ್ಟಿತನ ಅಂತ ನನ್ನಲ್ಲಿ ಏನಾದರೂ ಇದ್ದರೆ ಅದು ಅಪ್ಪನ ಹೊಡೆತದಿಂದ ಬಂದದ್ದಲ್ಲ, ಆ ಅಂಗಡಿಯಿಂದ ಬಂದದ್ದು. ನಿಮಗೂ ಅಂಥವರು ಯಾರೋ ಇದ್ದಿರಬೇಕು. ನೆನಪು ಮಾಡಿಕೊಳ್ಳಿ.

ಇದೇ ಅಧ್ಯಯನದ ಇನ್ನೆರಡು ಮಾತು ನಿಮಗೆ ನೇರವಾಗಿ ಸಂಬಂಧಿಸಿವೆ. ಚೆನ್ನಾಗಿ ಬೆಳೆದವರಲ್ಲೂ ಕೆಲವರು ಮೂವತ್ತರ ಹೊತ್ತಿಗೆ ಒತ್ತಡದಿಂದ ಬರುವ ದೇಹದ ತೊಂದರೆ ಅನುಭವಿಸುತ್ತಿದ್ದರು, ಜನರಿಂದ ಸ್ವಲ್ಪ ದೂರವೇ ಉಳಿಯುತ್ತಿದ್ದರು. ಗಟ್ಟಿಯಾಗಿದ್ದವರೂ ಬೆಲೆ ಕೊಟ್ಟಿದ್ದರು. ಇನ್ನು ಹದಿನೆಂಟರಲ್ಲಿ ಹಾದಿ ತಪ್ಪಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಸುಧಾರಿಸಿಕೊಂಡರು. ಮತ್ತೆ ಓದು, ಒಂದು ಸ್ಥಿರವಾದ ಕೆಲಸ, ಒಳ್ಳೆಯ ಸಂಗಾತಿ ಇಂಥದ್ದು ದಾರಿಯಾಯಿತು. ನಿಮಗಿನ್ನೂ 24.

ಈಗೇನು ಮಾಡಬೇಕು? ಮೊದಲು ಒಬ್ಬ ಡಾಕ್ಟರ್ ಹತ್ತಿರ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎದೆ ಡವಡವಕ್ಕೆ ಅವೂ ಕಾರಣ ಇರಬಹುದು. ಆಮೇಲೆ ಆತಂಕಕ್ಕೇ ಚಿಕಿತ್ಸೆ ತೆಗೆದುಕೊಳ್ಳಿ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಆತಂಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕಾದವರಿಗೆ ಮಾತ್ರೆಯೂ ಇದೆ. ಸಿಬಿಟಿಯಲ್ಲಿ ಕಲಿಸುವ ಒಂದು ವಿಷಯ ಇವತ್ತೇ ಶುರುಮಾಡಬಹುದು. ಮ್ಯಾನೇಜರ್ ಮೆಸೇಜನ್ನು ಗಂಟೆಗಟ್ಟಲೆ ತೆರೆಯದೆ ಇಡಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. 'ಯಾವ ವಿಷಯ ಸರ್?' ಅಂತ ತಕ್ಷಣ ಕೇಳಿ, ಏನಾಗಬಹುದು ಅಂದುಕೊಂಡಿದ್ದಿರಿ, ನಿಜಕ್ಕೂ ಏನಾಯಿತು ಎರಡನ್ನೂ ಬರೆದಿಡಿ. ಕೆಲವು ವಾರದ ಬರಹವನ್ನು ಒಟ್ಟಿಗೆ ಓದಿದಾಗ ನಿಮ್ಮ ಊಹೆಗಳು ಎಷ್ಟು ಸಲ ನಿಜವಾದವು ಅಂತ ಕಾಣುತ್ತದೆ. ಯಾರ ಹತ್ತಿರ ಹೋಗಬೇಕು ಗೊತ್ತಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಸುಳಿದರೆ ಒಂದು ಕ್ಷಣವೂ ಕಾಯಬೇಡಿ.

ಈಗ ತಮ್ಮನ ಮಾತು. ನೀವು ಮನೆ ಬಿಟ್ಟು ಬಂದಿದ್ದಕ್ಕೆ ನೊಂದುಕೊಂಡಿದ್ದೀರಿ. ಮೇಲೆ ಹೇಳಿದ ಆ 'ಒಬ್ಬರು' ಅವನ ಪಾಲಿಗೆ ನೀವೇ, ಬೆಂಗಳೂರಿನಿಂದಲೇ. ದಿನಾ ಮಾಡಲು ಆಗದಿದ್ದರೆ ವಾರದಲ್ಲಿ ಎರಡು ದಿನ ಗೊತ್ತುಮಾಡಿ, ಅದೇ ಹೊತ್ತಿಗೆ ಫೋನ್ ಮಾಡಿ. ಹೇಳಿದ ಹೊತ್ತಿಗೆ ತಪ್ಪದೆ ಬರುವ ಕರೆ ಅಂಥ ಮನೆಯ ಹುಡುಗನಿಗೆ ತುಂಬಾ ದೊಡ್ಡದು. ಮಾರ್ಕ್ಸ್ ಬಗ್ಗೆ ಕೊನೆಯಲ್ಲಿ ಕೇಳಿ. ಗಲಾಟೆ ಜೋರಾದ ರಾತ್ರಿ ಯಾರ ಮನೆಗೆ ಹೋಗಿ ಮಲಗಬೇಕು ಅನ್ನುವುದನ್ನು ಈಗಲೇ ಇಬ್ಬರೂ ಮಾತಾಡಿ ತೀರ್ಮಾನಿಸಿ, ಆ ಮನೆಯವರಿಗೂ ಹೇಳಿಡಿ. ಅವನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅವನೂ ಕರೆ ಮಾಡಬಹುದು, ಅವನ ಪರವಾಗಿ ನೀವೂ ಮಾಡಬಹುದು.