ಹೊಸ ಬ್ರೌಸರ್‌ಗೆ ಇಷ್ಟೊಂದು ಅಪ್‌ಡೇಟ್ ಯಾಕೆ?

ಪ್ರಶ್ನೆ: ಹೊಸದೊಂದು ಬ್ರೌಸರ್ ಹಾಕಿಕೊಂಡಿದ್ದೇನೆ. ವಾರ ವಾರವೂ ಅಪ್‌ಡೇಟ್ ಬರುತ್ತದೆ. ಅಷ್ಟೊಂದು ದೋಷಗಳಿವೆಯಾ? ಅಪ್‌ಡೇಟ್ ನಿಲ್ಲಿಸಿಬಿಡಲಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಪದೇ ಪದೇ ಅಪ್‌ಡೇಟ್ ಬರುವುದು ಒಳ್ಳೆಯ ಲಕ್ಷಣ. ನಿಂತುಹೋದರೆ ಆಗ ಚಿಂತೆ ಮಾಡಬೇಕು. ಕ್ರೋಮ್ ಕೂಡ 2023ರಿಂದ ವಾರಕ್ಕೊಮ್ಮೆ ಸುರಕ್ಷತಾ ಅಪ್‌ಡೇಟ್ ಕೊಡಲು ಶುರು ಮಾಡಿತು.

ಈಗಿನ ಹೊಸ ಬ್ರೌಸರ್‌ಗಳಲ್ಲಿ ಹೆಚ್ಚಿನವು ಕ್ರೋಮಿಯಂ (ಕ್ರೋಮ್‌ಗೂ ಆಧಾರವಾಗಿರುವ ಮೂಲ ತಂತ್ರಾಂಶ) ಮೇಲೆ ಕಟ್ಟಿದವು. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಹಾಗಾಗಿ ಅಲ್ಲಿ ಒಂದು ದೋಷ ಸರಿಪಡಿಸಿದ ಕೂಡಲೇ ಏನು ಬದಲಾಯಿತು ಅಂತ ನೋಡಿ, ಇನ್ನೂ ಅಪ್‌ಡೇಟ್ ಆಗದವರ ಮೇಲೆ ದಾಳಿ ಮಾಡುವವರೂ ಇರುತ್ತಾರೆ. ಕ್ರೋಮಿಯಂನಲ್ಲಿ ಬಂದ ತಿದ್ದುಪಡಿ ನಿಮ್ಮ ಬ್ರೌಸರ್‌ಗೆ ಎಷ್ಟು ದಿನಕ್ಕೆ ಬರುತ್ತದೆ ಅನ್ನೋದೇ ನನ್ನ ಪ್ರಕಾರ ಅದರ ನಿಜವಾದ ಪರೀಕ್ಷೆ. ಚೆಂದದ ಟ್ಯಾಬ್, ಬಣ್ಣ ಎಲ್ಲ ಆಮೇಲೆ.

ಇನ್ನೊಂದು ಮಾತು. ಅಪ್‌ಡೇಟ್ ಸುಮ್ನೆ ಡೌನ್‌ಲೋಡ್ ಆದರೆ ಸಾಲದು. ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆದಾಗಲೇ ಅದು ಜಾರಿಗೆ ಬರುವುದು. ದಿನಗಟ್ಟಲೆ ಟ್ಯಾಬ್ ತೆರೆದೇ ಇಡುವವರು ಇಲ್ಲೇ ಎಡವುತ್ತಾರೆ.

ಅಪ್‌ಡೇಟ್ ಆದಮೇಲೆ ಯಾವುದಾದರೂ ಪುಟ ಕೆಟ್ಟರೆ ಮೊದಲು ಎಕ್ಸ್‌ಟೆನ್ಷನ್‌ಗಳನ್ನು (ಬ್ರೌಸರ್‌ಗೆ ನೀವು ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳನ್ನು) ಆಫ್ ಮಾಡಿ ನೋಡಿ, ಎಷ್ಟೋ ಸಲ ತೊಂದರೆ ಅಲ್ಲೇ ಇರುತ್ತದೆ.